ಬೀಗರ ವಿಮಾನ

ನನ್ನ ತಂಗಿ ಮೈಮುನಾಬಿ ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೊರಟಾಗ ಯಾವ ವಿಮಾನ ಹತ್ತಬೇಕೆಂಬುದನ್ನು ತಾನೇ ಗೊತ್ತು ಮಾಡಿದಳು. ಅದಕ್ಕೂ ಮೊದಲು ಅವಳು ವಿಮಾನ ಕಂಡದ್ದು ಆಕಾಶದಲ್ಲಿ ಮಾತ್ರ. ಯಾತ್ರೆಗೆ ಕರೆದೊಯ್ಯುವ ಲಿಂಗಸುಗೂರಿನ ಏಜೆಂಟು ಎಲ್ಲರಿಗೂ ಒಂದೇ ಕಂಪನಿಯ ವಿಮಾನದಲ್ಲಿ ಟಿಕೆಟ್ಟು ತೆಗೆಸಲು ಹೊರಟಿದ್ದ. ಮೈಮುನಾ ಒಪ್ಪಲಿಲ್ಲ.

"ನಮ್ಮ ಆಸೀಮ್ ಕೆಲಸ ಮಾಡೋ ವಿಮಾನ ಬಿಟ್ಟು ಮಂದಿ ವಿಮಾನ ಹತ್ತಲೇನು? ಬೀಗರು ಏನಂದಾರು?" ಎಂದಳು.

"ಖಾಲಾ, ವಿಮಾನ ಅಂದ್ರ ಮಸ್ಕಿ ಕ್ರಾಸಿನ ಟಂಟಂ ಅಲ್ಲ. ಯಾವುದ್ರಾಗ ಹೋದ್ರೂ ಜೆಡ್ಡಾಕ್ಕೇ ಇಳಿಸ್ತಾರ."

"ಟಂಟಂ ಆದ್ರೇನು, ವಿಮಾನ ಆದ್ರೇನು? ಮನಿಯವರದು ಬಿಟ್ಟು ಬ್ಯಾರೇದು ಹತ್ತಿದ್ರ ಮನಿಯವರ ಮರ್ಯಾದಿ ಉಳೀತೈತೇನು? ಬದಲು ಮಾಡು."

ನಮ್ಮ ಕಡೆ ಇದು ನಡೆದು ಬಂದ ಮಾತು. ಸಂಬಂಧಿಕರ ಗಾಡಿ ಓಡುವ ದಾರಿಯಲ್ಲಿ ಬೇರೆಯವರ ಗಾಡಿ ಹತ್ತಿದರೆ ಆರು ತಿಂಗಳು ಮಾತು ಬಿಡುತ್ತಾರೆ. ಮೈಮುನಾ ಒಮ್ಮೆ ಭಾವನ ಮಗನ ಟಂಟಂ ಬರಲಿ ಎಂದು ಉರಿಬಿಸಿಲಲ್ಲಿ ಮಸ್ಕಿ ಕ್ರಾಸಿನಲ್ಲಿ ನಿಂತು, ಖಾಲಿ ಹೋಗುತ್ತಿದ್ದ ಗಾಡಿಗಳಿಗೆಲ್ಲ ಬೆನ್ನು ತಿರುಗಿಸಿದವಳು. ಏಜೆಂಟು ಸೋತು, ಅವಳಿಗೂ ಅವಳ ಜೊತೆಯ ಇಬ್ಬರು ಹೆಣ್ಣುಮಕ್ಕಳಿಗೂ ಟಿಕೆಟ್ಟು ಬದಲಿಸಿ ಕೊಟ್ಟ.

ಆಸೀಮ್ ಲಿಂಗಸುಗೂರಿನ ಹುಡುಗ. ಹೈದರಾಬಾದಿನಲ್ಲಿ ವಿಮಾನ ರಿಪೇರಿಯ ಕೆಲಸ ಕಲಿತು, ಅಲ್ಲೇ ಒಂದು ಏರ್‌ಲೈನಿನಲ್ಲಿ ಮೆಕ್ಯಾನಿಕ್ ಆಗಿದ್ದ. ಮೈಮುನಾಳ ಮಗಳು ಮಹೆಕ್‌ಗೂ ಅವನಿಗೂ ಮದುವೆಯ ಮಾತಾಗಿತ್ತು. ಮಹೆಕ್ ಮಸ್ಕಿಯ ಒಂದು ಸಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ. ತಾಯಿ ಯಾತ್ರೆಯಿಂದ ಬಂದ ಮೇಲೆ ನಿಕಾಹ ಎಂದು ಎರಡೂ ಮನೆಯವರು ಗೊತ್ತು ಮಾಡಿದ್ದೆವು.

ಹೋಗುವಾಗ ಏನೂ ಆಗಲಿಲ್ಲ. ಜೆಡ್ಡಾದಲ್ಲಿ ಇಳಿದವಳೇ ಫೋನು ಮಾಡಿ, "ಭಾಯಿ, ನಮ್ಮ ಅಳಿಯನ ವಿಮಾನ ಒಂದು ಸಲನೂ ಕುಲುಕಲಿಲ್ಲ ನೋಡು" ಎಂದಿದ್ದಳು. ತಿರುಗಿ ಬರುವಾಗ, ಹೈದರಾಬಾದಿನಲ್ಲಿ ಇಳಿಯುತ್ತಿದ್ದಂತೆ, ವಿಮಾನದ ಒಂದು ಬದಿಯ ಗಾಲಿಯ ಕಾಲು ಮುರಿಯಿತು. ವಿಮಾನ ಹೊಟ್ಟೆ ಎಳೆದುಕೊಂಡು ದಾರಿ ಬಿಟ್ಟು ಮಣ್ಣಿಗೆ ಇಳಿಯಿತು. ರೆಕ್ಕೆಯ ಹತ್ತಿರ ಬೆಂಕಿ ಹತ್ತಿತು. ಬಹಳ ಜನ ಹೊರಗೆ ಜಿಗಿದು ಉಳಿದರು. ರೆಕ್ಕೆಯ ಪಕ್ಕದಲ್ಲಿ ಕುಳಿತ ಕೆಲವರು ಒಳಗಿನ ಹೊಗೆಯಲ್ಲೇ ಸಿಕ್ಕಿಕೊಂಡರು. ಮೈಮುನಾಳ ಜೊತೆ ಹೋದ ಇಬ್ಬರೂ ಹಿಂದಿನ ಸಾಲಿನಲ್ಲಿದ್ದರು, ಬದುಕಿದರು. ಮೈಮುನಾ ಬದುಕಲಿಲ್ಲ.

ಅವಳ ಗಂಡ ಜಬೀವುಲ್ಲಾ ಮತ್ತು ಮಗ ಶಾಕೀರ್ ಅವಳನ್ನು ಕರೆತರಲು ಜೀಪು ಮಾಡಿಕೊಂಡು ಹೋಗಿದ್ದರು. ಆಸೀಮ್ ಕಂಪನಿಯ ನೀಲಿ ಅಂಗಿ ತೊಟ್ಟು ಅವರ ಜೊತೆಗೇ ಹೊರಗೆ ನಿಂತಿದ್ದನಂತೆ. ಹೊಗೆ ಕಂಡದ್ದೇ ಒಳಗೆ ಓಡಿದ. ಸಂಜೆ ಅದೇ ಅಂಗಿಯಲ್ಲಿ ತಿರುಗಿ ಬಂದು ಜಬೀವುಲ್ಲಾನ ಕಾಲ ಬಳಿ ಕುಳಿತ. ಆ ಅಂಗಿ ಶಾಕೀರನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಮೈಮುನಾಳನ್ನು ಮಸ್ಕಿಗೆ ತಂದು ಮಣ್ಣು ಮಾಡಿದೆವು.

ಆಮೇಲೆ ಶುರುವಾಯಿತು ಟೀವಿಯಲ್ಲಿ ಮಾತು. ವಿಮಾನ ಮಾಡಿದ ದೂರದೇಶದ ಕಂಪನಿಯವರು, ನಮ್ಮ ವಿಮಾನ ಗಟ್ಟಿ ಇದೆ, ಓಡಿಸುವವರು ಸರಿಯಾಗಿ ನೋಡಿಕೊಂಡಿಲ್ಲ ಎಂದರು. ಓಡಿಸುವ ಏರ್‌ಲೈನಿನವರು, ನಾವು ಅವರು ಹೇಳಿದ ಹಾಗೆಯೇ ನೋಡಿಕೊಂಡಿದ್ದೇವೆ, ಅವರು ಮಾಡಿದ್ದೇ ಸೊಟ್ಟ ಎಂದರು. ಸರಕಾರದವರು ತನಿಖೆಗೆ ಕುಳಿತರು. ಆ ವಿಮಾನವನ್ನು ಮುಟ್ಟಿದ ಎಲ್ಲ ಮೆಕ್ಯಾನಿಕ್‌ಗಳನ್ನೂ ಕರೆದು ಕೇಳಿದರು. ಆಸೀಮ್‌ನನ್ನೂ ಕೇಳಿದರು. ತನಿಖೆ ಮುಗಿಯುವ ತನಕ ಮನೆಯಲ್ಲಿರು ಎಂದು ಏರ್‌ಲೈನಿನವರು ಅವನನ್ನು ಲಿಂಗಸುಗೂರಿಗೆ ಕಳಿಸಿದರು.

ಈ ಜಗಳ ಊರೂರಿನಲ್ಲಿ ನಡೆದಿರಬಹುದು. ನಮ್ಮ ಮನೆಯಲ್ಲಿ ಅದಕ್ಕೊಂದು ಬೇರೆ ತೂಕ ಇತ್ತು. ತಪ್ಪು ವಿಮಾನ ಮಾಡಿದವರದಾದರೆ ಅವರು ಎಲ್ಲಿಯವರೋ, ಮುಖ ಕಾಣದವರು. ತಪ್ಪು ಓಡಿಸಿದವರದಾದರೆ ಅದು ನಮ್ಮ ಅಳಿಯನಾಗಬೇಕಾದವನ ಕೈಯ ತನಕ ಬರುತ್ತಿತ್ತು. ಮಹೆಕ್ ಆ ಕೈ ಹಿಡಿಯುವುದು ಹೇಗೆ?

ಜಬೀವುಲ್ಲಾನದು ಮಸ್ಕಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುತ್ತಾನೆ. ಶಾಕೀರ್ ಅವನಿಗೆ ಜೊತೆ. ಒಂದು ದಿನ ನಾನು ಅಲ್ಲಿ ಕುಳಿತಿದ್ದಾಗ ಪಾಮನಕಲ್ಲೂರಿನ ರೈತ ಪಕೀರಪ್ಪ ಸುಟ್ಟ ಮೋಟಾರು ಹೊತ್ತುಕೊಂಡು ಬಂದ. ಟೀವಿಯಲ್ಲಿ ಅದೇ ವಿಷಯ ನಡೆದಿತ್ತು.

"ಮಾಡಿದವರದ ತಪ್ಪು ಬಿಡ್ರಿ," ಎಂದ ಪಕೀರಪ್ಪ. "ಈ ಮೋಟಾರು ತಂದು ಎರಡು ಬೆಳಿ ತಗದಿಲ್ಲ, ಸುಟ್ಟು ಕುಂತೈತಿ. ಕಂಪನಿಯವರು ಒಳಗ ತಂತಿ ಹಾಕ್ಯಾರೋ, ಹೆಂಗಸರ ಕೂದಲ ಹಾಕ್ಯಾರೋ."

"ಕಾಕಾ, ಬೋರಿನಾಗ ನೀರು ಇಲ್ಲದಾಗ ಮೋಟಾರು ಹಚ್ಚಿ ಚಾ ಕುಡ್ಯಾಕ ಹೋಗಿದ್ದಿ," ಎಂದ ಶಾಕೀರ್. "ಓಡಿಸಿದವರದ ತಪ್ಪು."

"ನೀ ಬಂದು ನೋಡಿದ್ದೇನಲೇ?"

"ವಾಸನಿ ಬಡೀತೈತಲ್ಲ."

"ನನ್ನ ವಾಸನೀನೋ, ಮೋಟಾರಿನ ವಾಸನೀನೋ?"

ಅಂಗಡಿಯಲ್ಲಿದ್ದವರು ನಕ್ಕರು. ಶಾಕೀರ್ ಮಾತ್ರ ಬಿಡಲಿಲ್ಲ. "ಓಡಿಸಿದವರ ತಪ್ಪು ಅಂದ್ರ ಅಬ್ಬಾಗ ಸಿಟ್ಟು ಬರ್ತೈತಿ. ಯಾಕಂದ್ರ ಅಳಿಯ ಆ ಅಂಗಿ ತೊಟ್ಟಾನ," ಎಂದ.

ಜಬೀವುಲ್ಲಾ ಕೈಯ ಕೆಲಸ ನಿಲ್ಲಿಸಲಿಲ್ಲ. "ನಾ ಇಷ್ಟು ವರ್ಷ ಈ ಅಂಗಡ್ಯಾಗ ಕುಂತೀನಿ. ಮೋಟಾರು ಸುಟ್ರ ಒಬ್ಬ ಕಂಪನಿಯವನೂ ನಂದು ತಪ್ಪಾತು ಅಂದಿಲ್ಲ. ಕರೆಂಟು ಸರಿ ಇಲ್ಲ, ನೀರು ಸರಿ ಇಲ್ಲ, ರೈತ ಸರಿ ಇಲ್ಲ. ಅವರೊಬ್ಬರೇ ಸರಿ. ಈ ವಿಮಾನ ಮಾಡಿದವರೂ ಅದೇ ಜಾತಿ."

"ಬೋರಿನಾಗ ನೀರಿಲ್ಲದೆ ಓಡಿಸಿದ ರೈತನೂ ಒಬ್ಬನೂ ಒಪ್ಪಿಲ್ಲಲ್ಲ ಅಬ್ಬಾ," ಎಂದ ಶಾಕೀರ್.

ಪಕೀರಪ್ಪ ತನ್ನ ಮೋಟಾರನ್ನು ನೋಡಿಕೊಂಡ. ಇಬ್ಬರ ಮಾತೂ ನನಗೆ ಸರಿಯಾಗಿಯೇ ಕೇಳಿಸಿತು.

ಮೈಮುನಾಳ ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆಗೆ ಸಿಂಧನೂರಿನಿಂದ ತಿಮ್ಮವ್ವ ಬಂದಳು. ನಾನು ಹರೆಯದಲ್ಲಿ ಸಿಂಧನೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದೆ. ತಿಮ್ಮವ್ವನ ಗಂಡ ಅಲ್ಲಿ ಬಾಯ್ಲರಿಗೆ ಹೊಟ್ಟು ಹಾಕಿ ಉರಿಸುತ್ತಿದ್ದ. ಒಂದು ದಿನ ಬಾಯ್ಲರು ಸಿಡಿದು ಅವನು ಹೋದ. ಬಾಯ್ಲರು ಮಾಡಿ ಕೊಟ್ಟ ಆಂಧ್ರದವರು, ಮಿಲ್ಲಿನವರು ಅದನ್ನು ತೊಳೆಸಲಿಲ್ಲ ಎಂದರು. ಮಿಲ್ಲಿನವರು, ಅವರು ತೆಳ್ಳನೆಯ ತಗಡು ಹಾಕಿದ್ದಾರೆ ಎಂದರು. ಕೋರ್ಟಿಗೆ ಹೋಯಿತು. ಆಂಧ್ರದವರು ಸತ್ತರು, ಮಿಲ್ಲಿನ ಮಾಲೀಕರು ಸತ್ತರು, ಮಿಲ್ಲನ್ನು ಇನ್ನೊಬ್ಬರು ಕೊಂಡು ಬೇರೆ ಹೆಸರು ಇಟ್ಟರು. ತಪ್ಪು ಯಾರದೆಂದು ಯಾರೂ ಹೇಳಲಿಲ್ಲ.

ತಿಮ್ಮವ್ವ ಮಹೆಕ್‌ಳ ಪಕ್ಕದಲ್ಲಿ ಕುಳಿತು ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಯವ್ವಾ, ಅಳು ಹೆಂಗೋ ಮುಗೀತೈತಿ," ಎಂದಳು. "ನನಗ ಸಿಟ್ಟು ಮುಗೀಲಿಲ್ಲ ನೋಡು. ಯಾರ ಮ್ಯಾಲ ಮಾಡಬೇಕು ಅನ್ನೂದೇ ತಿಳೀಲಿಲ್ಲ. ಒಮ್ಮೆ ಅವರ ಮ್ಯಾಲ, ಒಮ್ಮೆ ಇವರ ಮ್ಯಾಲ. ಕಡೀಕ ಮಕ್ಕಳ ಮ್ಯಾಲ ಮಾಡಿದೆ. ಪಾಪ, ಅವೇನು ಮಾಡಿದ್ವು."

ಮಹೆಕ್ ಅಂದಿನ ತನಕ ಈ ಜಗಳದಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಬಂದವರು ಹೋದ ಮೇಲೆ ಜಬೀವುಲ್ಲಾ ನಿಕಾಹದ ಮಾತು ತೆಗೆದ. ಲಿಂಗಸುಗೂರಿನವರು ಕೇಳುತ್ತಿದ್ದಾರೆ, ಇಲ್ಲವೆನ್ನಲು ಏನು ಕಾರಣ ಹೇಳಲಿ, ಹುಡುಗನ ತಪ್ಪೆಂದು ಯಾರೂ ಹೇಳಿಲ್ಲವಲ್ಲ ಎಂದ.

"ಅವನದಲ್ಲ ಅಂತನೂ ಯಾರೂ ಹೇಳಿಲ್ಲ," ಎಂದ ಶಾಕೀರ್. "ಅಮ್ಮಿ ಇವರ ವಿಮಾನ ಅಂತ ಹತ್ತಿದಳು. ಮಂದಿ ವಿಮಾನ ಹತ್ತಿದ್ರ ಬದುಕತಿದ್ದಳು. ನನ್ನ ತಂಗೀನ ಆ ಮನಿಗೆ ಕೊಡ್ತೀರೇನು?"

ಆಗ ಮಹೆಕ್ ನನ್ನ ಕಡೆ ತಿರುಗಿದಳು. "ಮಾಮು, ನೀವು ಲಿಂಗಸುಗೂರಿಗೆ ಹೋಗ್ರಿ. ತಪ್ಪು ಯಾರದು ಅಂತ ಕೇಳಬ್ಯಾಡ್ರಿ. ಆ ವಿಮಾನದ ಹತ್ತಿರ ಅವರು ಏನು ನೋಡಿದ್ರು, ಏನು ಕೇಳಿದ್ರು, ಅದನ್ನಷ್ಟ ಕೇಳ್ಕೊಂಡು ಬರ್ರಿ."

ನಾನು ಮರುದಿನ ಲಿಂಗಸುಗೂರಿನ ಬಸ್ಸು ಹತ್ತಿದೆ.

ಆಸೀಮ್‌ನ ಮನೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ಅವನ ತಾಯಿ ವಸೀಮಾ ನನ್ನನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು. "ಇಮಾಮ್‌ಸಾಬಣ್ಣ, ಮಗ ಊಟಾನೇ ಬಿಟ್ಟಾನ. ಅವನದೇನೂ ತಪ್ಪಿಲ್ಲ ಅಂತ ನೀವರೆ ಒಂದು ಮಾತು ಹೇಳ್ರಿ," ಎಂದಳು. ಅದು ನನಗೆ ಹೇಳಲು ಬರುವ ಮಾತಾಗಿರಲಿಲ್ಲ. ಚಹಾ ಕುಡಿದು, ಆಸೀಮ್‌ನ ಜೊತೆ ಮಾಳಿಗೆ ಹತ್ತಿದೆ. ಅವನು ಸೊರಗಿಹೋಗಿದ್ದ. ಮಹೆಕ್ ಕೇಳಿದ ಮಾತನ್ನು ಅವಳು ಹೇಳಿದ ಹಾಗೆಯೇ ಅವನ ಮುಂದಿಟ್ಟೆ.

ಅವನು ಕೆಳಗಿನ ಓಣಿ ನೋಡುತ್ತ ಹೇಳಿದ.

"ಮಾಮು, ಗಾಲಿಯ ಕಾಲಿನ ಮ್ಯಾಲ ಒಂದು ಮುಚ್ಚಳ ಇರ್ತೈತಿ. ಅದರ ಒಳಗ ಒಂದು ಕೀಲು. ಆ ಕೀಲು ಸೀಳತೈತಿ ಅಂತ ಮಾಡಿದವರಿಗೆ ಮೊದಲ ಗೊತ್ತಿತ್ತು. ಬ್ಯಾರೆ ದೇಶದಾಗ ಒಂದೆರಡು ವಿಮಾನದಾಗ ಸೀಳಿತ್ತಂತ. 'ಮುಂದಿನ ದೊಡ್ಡ ತಪಾಸಣಿ ಒಳಗ ಬಿಚ್ಚಿ ನೋಡ್ರಿ' ಅಂತ ಎಲ್ಲಾರಿಗೂ ತಿಳಿಸಿದ್ರು. ಬಿಚ್ಚಿ ನೋಡೂತನಕ ಹಾರಿಸಬ್ಯಾಡ್ರಿ ಅಂತ ಅನ್ನಲಿಲ್ಲ."

"ಯಾಕ ಅನ್ನಲಿಲ್ಲ?"

"ಅಂದ್ರ ಜಗತ್ತಿನಾಗ ಅವರವು ಎಲ್ಲಾ ವಿಮಾನ ನಿಲ್ತಿದ್ವು. ಹೊಸಾವು ಯಾರು ಕೊಳ್ತಾರ?"

"ನಿಮ್ಮವರು?"

"ನಮ್ಮವರು ದೊಡ್ಡ ತಪಾಸಣಿನೇ ಮುಂದಕ್ಕ ಹಾಕಿದ್ರು. ಯಾತ್ರೆಗೆ ಹೋಗೋ ಮಂದಿ ಭಾಳ ಇದ್ರು. ವಿಮಾನ ನಿಲ್ಲಸಾಕ ಮನಸಿಲ್ಲ." ಅವನು ಗೋಡೆಗೆ ಒರಗಿ ಕುಳಿತ. "ಮಹೆಕ್‌ಳ ಅಮ್ಮಿ ಬರೂ ಮುಂಚೆ, ಆ ವಿಮಾನ ಅವರನ್ನ ತರಾಕ ಹೋಗೂ ಮುಂಚೆ, ನಾವು ಅದರ ಕೆಳಗಿದ್ವಿ. ನಾ ಬ್ಯಾಟರಿ ಹಿಡದಿದ್ದೆ. ನಮ್ಮ ಹಿರಿಯ ಮೆಕ್ಯಾನಿಕ್ ಆ ಮುಚ್ಚಳದ ಅಂಚಿನಾಗ ಎಣ್ಣಿ ಪಸೆ ನೋಡಿದ. 'ಒಳಗ ಸೀಳಿರಬಹುದು, ಬಿಚ್ಚೋಣ' ಅಂದ. ಮ್ಯಾಲಿನ ಸಾಹೇಬ ಬಂದು ನೋಡಿ, 'ಅಷ್ಟು ಪಸೆ ಎಲ್ಲಾದ್ರಾಗೂ ಇರ್ತೈತಿ, ಇವತ್ತು ಬಿಚ್ಚೂ ಕೆಲಸ ಇಲ್ಲ, ಒರಸಿ ಕಳಸ್ರಿ' ಅಂದ. ಒರಸಿದವ ನಾನ."

ಅವನು ತನ್ನ ಕೈ ನೋಡಿಕೊಳ್ಳಲಿಲ್ಲ. ಆದರೆ ಎರಡೂ ಕೈ ಮೊಣಕಾಲ ಕೆಳಗೆ ಹೋದವು.

"ಇದನ್ನ ಸರಕಾರದವರ ಮುಂದ ಹೇಳೀಯೇನು?"

"ಇಲ್ಲ. ಹಿರಿಯಾತ ನಾ ಏನೂ ಅಂದೇ ಇಲ್ಲ ಅಂತ ಹೇಳಿಬಿಟ್ಟ. ಅವನಿಗೆ ನಿವೃತ್ತಿ ಹತ್ರ ಐತಿ. ನನಗೂ ಹೇಳಿದ್ರು, ಸುಮ್ಮನಿದ್ರ ಕೆಲಸ ಇರ್ತೈತಿ ಅಂತ. ಅದಷ್ಟ ಅಲ್ಲ ಮಾಮು. ನಾ ಬಾಯಿ ಬಿಟ್ರ ಮಾಡಿದವರು ಕುಣೀತಾರ. 'ನೋಡ್ರಿ, ಅವರ ಮನಿ ಹುಡುಗನ ಹೇಳ್ಯಾನ' ಅಂತ ತಮ್ಮ ಸೀಳೋ ಕೀಲು ಮುಚ್ಚಿ ಹಾಕ್ತಾರ. ಬಾಯಿ ಮುಚ್ಚಿದ್ರ ನಮ್ಮವರು ಪಾರು. ಯಾವ ಕಡೆ ಹೋದ್ರೂ ಒಬ್ಬ ತಪ್ಪಿಸ್ಕೋತಾನ."

"ಅದು ನನಗ ತಿಳಿಯೂದಿಲ್ಲಪ್ಪ," ಎಂದೆ. ನಿಜವಾಗಿಯೂ ತಿಳಿಯಲಿಲ್ಲ. "ಮಹೆಕ್‌ಗ ಇದನ್ನ ಹೇಳಲೇನು?"

"ಹೇಳ್ರಿ. ಇದನ್ನ ಹೊಟ್ಟ್ಯಾಗ ಇಟ್ಕೊಂಡು ಆಕಿ ಮುಂದ ಕೂಡಲಾರೆ."

ನಾನು ಹೊರಟಾಗ ಮೆಟ್ಟಿಲ ತನಕ ಬಂದು, "ಅಮ್ಮಿ ಅದರಾಗ ಬರ್ತಾಳ ಅಂತ ನನಗ ಗೊತ್ತಿತ್ತು ಮಾಮು. ಅದನ್ನೂ ಹೇಳ್ರಿ," ಎಂದ.

ಮಸ್ಕಿಗೆ ಬಂದು ಮಹೆಕ್‌ಳನ್ನು ಹಿತ್ತಿಲಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದೆ. ಕೊನೆಯ ಮಾತನ್ನೂ ಬಿಡಲಿಲ್ಲ. ಅವಳು ಒಗೆದ ಬಟ್ಟೆಗಳನ್ನು ಮಡಚುತ್ತಿದ್ದಳು. ತಾಯಿಯ ಒಂದು ಕುಪ್ಪಸ ಅದರಲ್ಲಿತ್ತು. ಅದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ನಾ ಏನು ಹೇಳಲವ್ವ ಅವನಿಗೆ?" ಎಂದೆ. "ಸರಕಾರದವರ ಮುಂದ ಹೇಳಿದ್ರ ನಿಕಾಹಕ್ಕ ಒಪ್ತಾಳ ಅಂತ ಹೇಳಲೇನು?"

"ಬ್ಯಾಡ್ರಿ ಮಾಮು." ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಹಂಗಂದ್ರ ನನ್ನ ಸಲುವಾಗಿ ಹೇಳ್ತಾರ. ನನ್ನ ಸಲುವಾಗಿ ಹೇಳೂದು ನನಗ ಬ್ಯಾಡ. ಹೇಳ್ರಿ ಅನ್ನಬ್ಯಾಡ್ರಿ, ಹೇಳಬ್ಯಾಡ್ರಿ ಅಂತನೂ ಅನ್ನಬ್ಯಾಡ್ರಿ. ನಾ ಎಲ್ಲಾ ಕೇಳೀನಿ ಅಂತ ತಿಳಸ್ರಿ, ಸಾಕು."

ಶಾಕೀರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. "ಒರಸಿದನಂತ!" ಎಂದು ಒಳಗೆ ಹೋದ.

ಮರುದಿನ ಆಸೀಮ್‌ಗೆ ಫೋನು ಮಾಡಿ, ಮಹೆಕ್ ಎಲ್ಲಾ ಕೇಳಿಸಿಕೊಂಡಳಪ್ಪ ಎಂದೆ. ಏನಂದಳು ಎಂದ. ನಿನಗೆ ಹೇಳಲು ನನ್ನ ಕೈಯಲ್ಲಿ ಏನೂ ಕೊಟ್ಟಿಲ್ಲ ಎಂದೆ. ಸಿಟ್ಟಿಗೆದ್ದಳೇ, ಅತ್ತಳೇ ಎಂದು ಕೇಳಿದ. ಬಟ್ಟೆ ಮಡಚಿದಳು ಎಂದೆ. ಅವನು ಫೋನು ಇಟ್ಟ.

ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಲಿಂಗಸುಗೂರಿನಿಂದ ಸುದ್ದಿ ಇಲ್ಲ. ಜಬೀವುಲ್ಲಾ ದಿನಾ ಸಂಜೆ ನನ್ನ ಮನೆಗೆ ಬಂದು ಕುಳಿತು ಹೋಗುತ್ತಿದ್ದ. "ಭಾಯಿಸಾಬ್, ನಾವ ತಪ್ಪು ಮಾಡಿದ್ವೇನು? ಹುಡುಗನ ಮ್ಯಾಲ ಅಷ್ಟು ಭಾರ ಹಾಕಬಾರದಿತ್ತು. ಹುಡುಗಿ ವಯಸ್ಸು ಹೋಗಾಕತ್ತೈತಿ," ಎನ್ನುತ್ತಿದ್ದ. ನಾವು ಏನೂ ಹಾಕಿಲ್ಲವಲ್ಲ ಎಂದು ನಾನೆಂದರೆ, "ಅದ ಭಾರ," ಎನ್ನುತ್ತಿದ್ದ. ಮಹೆಕ್ ಸಾಲೆಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಅವಳ ಕಣ್ಣು ಫೋನಿನ ಕಡೆ ಹೋಗುವುದನ್ನು ನಾನು ಕಂಡಿದ್ದೇನೆ.

ಆಮೇಲೆ ಒಂದು ಮಧ್ಯಾಹ್ನ ಪಕೀರಪ್ಪ ಅಂಗಡಿಗೆ ಏದುಸಿರು ಬಿಡುತ್ತ ಬಂದ. ಟೀವಿ ಹಚ್ಚಿ ಎಂದ. ವಿಮಾನ ಮಾಡಿದ ಕಂಪನಿಯ ಒಬ್ಬ ದೊಡ್ಡ ಮನುಷ್ಯ ಅದರಲ್ಲಿ ಮಾತಾಡುತ್ತಿದ್ದ. ಏರ್‌ಲೈನಿನದೇ ಒಬ್ಬ ಮೆಕ್ಯಾನಿಕ್ ಈಗ ತನಿಖೆಯವರ ಮುಂದೆ ನಿಜ ಹೇಳಿದ್ದಾನೆ, ಎಣ್ಣೆಯ ಪಸೆ ಕಂಡೂ ಒರೆಸಿ ಕಳಿಸಿದ್ದಾರೆ, ತಪ್ಪು ಪೂರಾ ಅವರದು ಎಂದ. ಅದರ ಹಿಂದೆಯೇ ಏರ್‌ಲೈನಿನವರು, ಅವನು ಕೆಲಸದಿಂದ ತೆಗೆದುಹಾಕಿದ ಮನುಷ್ಯ, ಸಿಟ್ಟಿಗೆ ಹೇಳುತ್ತಿದ್ದಾನೆ ಎಂದರು. ಆಸೀಮ್ ಹೇಳಿದ್ದ ಹಾಗೆಯೇ ಆಗಿತ್ತು. ಆದರೆ ಆಮೇಲೆ ನಮಗೆ ತಿಳಿಯಿತು, ಅವನು ಕೀಲಿನ ವಿಷಯವನ್ನೂ ಹೇಳಿದ್ದ, ಮಾಡಿದವರಿಗೆ ಮೊದಲೇ ಗೊತ್ತಿತ್ತೆಂದು ಹೇಳಿದ್ದ. ಆ ಅರ್ಧವನ್ನು ಟೀವಿಯಲ್ಲಿ ಇಬ್ಬರೂ ನುಂಗಿದ್ದರು.

"ಹುಡುಗ ಎರಡೂ ಕಡೆ ಕೆಟ್ಟ," ಎಂದ ಪಕೀರಪ್ಪ.

ಜಬೀವುಲ್ಲಾ ತಂತಿ ಸುತ್ತುವುದನ್ನು ಬಿಟ್ಟು ಮುಖ ಒರೆಸಿಕೊಂಡ. ಶಾಕೀರ್ ಟೀವಿ ಆರಿಸಿದ.

ಆಸೀಮ್ ಹೇಳಿಕೆ ಕೊಟ್ಟು, ಕೆಲಸ ಕಳೆದುಕೊಂಡು, ಹೈದರಾಬಾದಿನಿಂದ ಊರಿಗೆ ತಿರುಗಿ ಬಂದ. ವಿಮಾನದ ಕೆಲಸ ಮತ್ತೆ ಯಾರೂ ಕೊಡಲಿಲ್ಲ. ಸಿಂಧನೂರಿನಲ್ಲಿ ಭತ್ತ ಕೊಯ್ಯುವ ಮಷಿನುಗಳ ರಿಪೇರಿ ಅಂಗಡಿಯಲ್ಲಿ ಸೇರಿದ. ಅವನು ಮಹೆಕ್‌ಳನ್ನು ಕೇಳಿ ಕಳಿಸಲಿಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ಮಹೆಕ್ ಒಂದು ದಿನ ತಂದೆಯ ಮುಂದೆ ಕುಳಿತು, ನಿಕಾಹದ ದಿನ ಗೊತ್ತು ಮಾಡಿ, ಅಂದು ನನ್ನನ್ನು ಕೇಳಬೇಕಾದ್ದನ್ನು ಕೇಳಿ, ನಾನು ಹೇಳಬೇಕಾದ್ದನ್ನು ಅಂದೇ ಹೇಳುತ್ತೇನೆ ಎಂದಳು. ಶಾಕೀರ್ ಬೇಡವೆಂದ. ಅವಳು ಅಣ್ಣನ ತಟ್ಟೆಗೆ ರೊಟ್ಟಿ ಹಾಕಿದಳು, ಮಾತು ಬದಲಿಸಲಿಲ್ಲ.

ನಿಕಾಹ ಮಸ್ಕಿಯ ಮನೆಯಲ್ಲೇ ನಡೆಯಿತು. ಬಾಜಾ ಇಲ್ಲ, ದೀಪದ ಸಾಲು ಇಲ್ಲ. ಗಂಡಸರು ಹೊರಗಿನ ಪಡಸಾಲೆಯಲ್ಲಿ ಕಾಜಿಯವರ ಸುತ್ತ, ಹೆಂಗಸರು ಒಳಗೆ ಪರದೆಯ ಹಿಂದೆ. ನಾನು ಹುಡುಗಿಯ ವಕೀಲ. ಕೋರ್ಟಿನ ವಕೀಲನಲ್ಲ, ನಮ್ಮಲ್ಲಿ ಹುಡುಗಿಯ ಕಡೆಯ ಹಿರಿಯನೊಬ್ಬ ಇಬ್ಬರು ಸಾಕ್ಷಿಗಳ ಜೊತೆ ಒಳಗೆ ಹೋಗಿ ಅವಳ ಒಪ್ಪಿಗೆ ಕೇಳಿ, ಅದನ್ನು ಹೊರಗೆ ಬಂದು ಕಾಜಿಯವರಿಗೆ ಹೇಳಬೇಕು. ಆಮೇಲೆ ಹುಡುಗನನ್ನು ಕೇಳುತ್ತಾರೆ.

ಪರದೆಯ ಹತ್ತಿರ ಕುಳಿತು, ಲಿಂಗಸುಗೂರಿನ ಆಸೀಮ್‌ನ ಹೆಸರು ಹೇಳಿ, ಹುಡುಗ ಕೊಡಬೇಕಾದ ಮಹರ್ ಹಣ ಎಷ್ಟೆಂದು ಹೇಳಿ, "ಒಪ್ಪಿಗೆಯೇನವ್ವ ಮಹೆಕ್?" ಎಂದೆ.

ಒಳಗಿನಿಂದ ಸದ್ದಿಲ್ಲ.

ಮತ್ತೆ ಕೇಳಿದೆ. ಬಳೆಯ ಸದ್ದೂ ಇಲ್ಲ.

ನನ್ನ ಹೆಂಡತಿ ಪರದೆಯ ಆಚೆಯಿಂದ, "ನಾಚಿಕಿ ಅದು. ಹುಡುಗಿ ಸುಮ್ಮನಿದ್ರ ಹೂಂ ಅಂದಂಗ. ಎಲ್ಲಾರ ಮನ್ಯಾಗೂ ಹಿಂಗ ಅಲ್ಲೇನು? ಏಳ್ರಿ," ಎಂದಳು. ಸಾಕ್ಷಿಗಳಿಬ್ಬರೂ ಏಳಲು ಹೊರಟರು. ನಮ್ಮ ಕಡೆಯ ರೂಢಿ ಅದೇ. ಎಷ್ಟೋ ನಿಕಾಹಗಳಲ್ಲಿ ವಕೀಲರು ಹಾಗೆ ಎದ್ದು ಬಂದದ್ದನ್ನು ನಾನೇ ನೋಡಿದ್ದೇನೆ.

"ನೀವು ಕೂಡ್ರಿ," ಎಂದೆ. "ಆಕಿ ಬಾಯಿಂದ ಹೇಳೂತನಕ ನಾ ಏಳೂದಿಲ್ಲ."

"ಹೊರಗ ಮಂದಿ ಕಾಯಾಕತ್ತಾರ."

"ಕಾಯಲಿ."

ಕುಳಿತೆವು. ಹೊರಗಿನಿಂದ ಕಾಜಿಯವರು ಒಮ್ಮೆ ಕೆಮ್ಮಿದರು, ಯಾರೋ ಏನಾಯಿತೆಂದು ಕೇಳಿ ಕಳಿಸಿದರು. ಹೆಂಗಸರು ಗುಸುಗುಸು ಮಾಡಿದರು. ಹೆಂಡತಿ ನನ್ನನ್ನು ಬೈದುಕೊಂಡಳು.

"ಮಾಮು," ಎಂದಳು ಮಹೆಕ್ ಕೊನೆಗೆ. ಧ್ವನಿ ಸಣ್ಣದಿತ್ತು, ನಡುಗುತ್ತಿರಲಿಲ್ಲ. "ಅವರ ಮ್ಯಾಲ ನನಗ ಸಿಟ್ಟೈತಿ. ಹೇಳಿದ ಮ್ಯಾಲೂ ಹೋಗಿಲ್ಲ. ಯಾವಾಗ ಹೋಗ್ತೈತೋ ಗೊತ್ತಿಲ್ಲ. ಹೋಗದಿದ್ರೂ ಇರಬಹುದು. ಆದ್ರ ಅವರನ್ನ ಬಿಟ್ಟು ಬ್ಯಾರೆ ಯಾರ ಜೋಡಿನೂ ನಾ ಅಮ್ಮಿ ಮಾತು ಆಡಲಾರೆ. ಇದನ್ನ ಹೊರಗ ಎಲ್ಲಾರ ಮುಂದ ಹೇಳ್ರಿ. ಕೇಳಿದ ಮ್ಯಾಲೂ ಅವರು ಒಪ್ಪಿದ್ರ, ನಂದೂ ಒಪ್ಪಿಗಿ."

ನಾನು ಎದ್ದು ಹೊರಗೆ ಬಂದೆ. ಕಾಜಿಯವರು, "ಒಪ್ಪಿದಳೇನ್ರಿ?" ಎಂದರು. ನಾನು ನಿಂತುಕೊಂಡೇ ಅವಳ ಮಾತನ್ನು ಹೇಳಿದೆ. ಒಂದು ಶಬ್ದವನ್ನೂ ಮೆತ್ತಗೆ ಮಾಡಲಿಲ್ಲ. ವಸೀಮಾಳ ಅಳು ಒಳಗಿನಿಂದ ಕೇಳಿಸಿತು.

"ಇಂಥಾ ಮಾತು ನಿಕಾಹದಾಗ ತರೂದಿಲ್ಲ ಇಮಾಮ್‌ಸಾಬ್," ಎಂದರು ಕಾಜಿಯವರು.

"ಹುಡುಗಿ ಕೊಟ್ಟಿದ್ದು ತಂದೀನ್ರಿ. ನಾ ವಕೀಲ. ಇದರಾಗ ಅರ್ಧ ತರಾಕ ಬರೂದಿಲ್ಲ."

ಆಸೀಮ್ ತಲೆ ತಗ್ಗಿಸಿ ಕುಳಿತಿದ್ದ. ತಲೆ ಎತ್ತಿ ನನ್ನನ್ನು ನೋಡಿ, "ಮಾಮು, ಇನ್ನೊಮ್ಮೆ ಹೇಳ್ರಿ," ಎಂದ.

ನಾನು ಇನ್ನೊಮ್ಮೆ ಹೇಳಿದೆ. ಅವನು ಪೂರಾ ಕೇಳಿಸಿಕೊಂಡ. ಕಾಜಿಯವರು ಕೇಳಿದಾಗ ಕಬೂಲ್ ಎಂದ. ಎರಡನೆಯ ಸಲವೂ ಎಂದ. ಮೂರನೆಯ ಸಲ ಪರದೆಯ ಕಡೆ ನೋಡಿದ. ಕಾಜಿಯವರು ಕಾದರು, ನಾವೆಲ್ಲರೂ ಕಾದೆವು. ಅವನು ಹೇಳಿದ.

ಎರಡು ಕಂಪನಿಗಳೂ ಇನ್ನೂ ಒಬ್ಬರ ಮೇಲೊಬ್ಬರು ಹಾಕಿಕೊಂಡು ಕೋರ್ಟಿನಲ್ಲಿವೆ. ಅವತ್ತೂ ಯಾವ ತೀರ್ಪೂ ಬಂದಿರಲಿಲ್ಲ.

ನಿಕಾಹ ಆದ ಮೇಲೆ ಖರ್ಜೂರ ಹಂಚುವುದು ಹುಡುಗಿಯ ಅಣ್ಣನ ಕೆಲಸ. ಶಾಕೀರ್ ತಟ್ಟೆ ಹಿಡಿದು ಒಬ್ಬೊಬ್ಬರಿಗೂ ಕೊಡುತ್ತ ಬಂದ. ಆಸೀಮ್‌ನ ಮುಂದೆ ಬಂದಾಗ ನಿಂತ. ಕೈಯಿಂದ ಕೊಡಲಿಲ್ಲ. ತಟ್ಟೆಯನ್ನು ಅವನ ಮುಂದೆ ನೆಲದ ಮೇಲೆ ಇಟ್ಟು, ಹೊರಗೆ ಹೋಗಿ, ತಂಗಿಯನ್ನು ಕರೆದೊಯ್ಯಲು ಬಂದ ಜೀಪಿನ ಹತ್ತಿರ ನಿಂತುಕೊಂಡ. ಎಲ್ಲರೂ ನೋಡುತ್ತಿದ್ದರು. ಆಸೀಮ್ ಬಗ್ಗಿ ತಾನೇ ಒಂದು ಖರ್ಜೂರ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ, ತಟ್ಟೆಯನ್ನು ಪಕ್ಕದವರಿಗೆ ಸರಿಸಿದ.